ಬಿಸಿಲಿಗಿಡುವ ಕುರ್ಚಿ: ಯಾವ ಪ್ಲಾಸ್ಟಿಕ್ ಬಾಳುತ್ತದೆ?



ಸಂಘದ ವತಿಯಿಂದ ಪ್ಲಾಸ್ಟಿಕ್ ಕುರ್ಚಿ, ಬೆಂಚುಗಳನ್ನು ಒಟ್ಟಾಗಿ ಖರೀದಿಸಿ ಸದಸ್ಯರಿಗೆ ಹಂಚಬೇಕೆಂಬ ಸಲಹೆ ಕಳೆದ ಸರ್ವಸದಸ್ಯರ ಸಭೆಯಲ್ಲಿ ಬಂದಿತ್ತು. ಅಂಗಳದಲ್ಲಿ ಅಡಿಕೆ, ಕಾಫಿ ಒಣಗಲು ಹಾಕಿದಾಗ ಕಾವಲಿಗೆ ಕೂರುವವರಿಗೆ, ಕೊನೆಗೌಡರಿಗೆ, ಅಡಿಕೆ ಸುಲಿಯುವವರಿಗೆ ಇವು ಬೇಕೇ ಬೇಕು. ನಮ್ಮಲ್ಲಿ ಅನೇಕರ ಮಕ್ಕಳು ಬೆಂಗಳೂರಿನ ವಿಜಯನಗರ, ಬಸವೇಶ್ವರನಗರಗಳಲ್ಲಿ ಮನೆ ಮಾಡಿಕೊಂಡಿದ್ದಾರೆ. ಅಲ್ಲಿಗೆ ಹೋದವರು ರಾಜಾಜಿನಗರ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಕಡೆಯಿಂದ ಹಿಂತಿರುಗುವ ಗಾಡಿಯಲ್ಲಿ ಆರೆಂಟು ಕುರ್ಚಿ ಹಾಕಿಕೊಂಡು ಬರುವುದು ರೂಢಿಯಾಗಿದೆ. ಹೀಗೆ ತಂದವುಗಳಲ್ಲಿ ಕೆಲವು ಎಂಟು ವರ್ಷ ಬಾಳಿವೆ, ಕೆಲವು ಎರಡನೆಯ ಬೇಸಿಗೆಯಲ್ಲೇ ಕಾಲು ಮುರಿದುಕೊಂಡಿವೆ. ನೋಡಲು ಎರಡೂ ಒಂದೇ ತೆರ.

ಈ ವ್ಯತ್ಯಾಸಕ್ಕೆ ಕಾರಣವೇನು, ಕೊಳ್ಳುವ ಮೊದಲೇ ಅದನ್ನು ಗುರುತಿಸುವುದು ಹೇಗೆ ಎಂಬುದನ್ನು ತಿಳಿಯದೆ ಸಂಘದ ಹಣವನ್ನು ತೊಡಗಿಸುವುದು ಸರಿಯಲ್ಲ. ಹಣದ ಮಾತಷ್ಟೇ ಅಲ್ಲ. ಪ್ಲಾಸ್ಟಿಕ್ ಕುರ್ಚಿ ಮುರಿಯುವಾಗ ಮರದ ಕುರ್ಚಿಯಂತೆ ಮೊದಲು ಕಿರುಗುಟ್ಟಿ ಎಚ್ಚರಿಕೆ ಕೊಡುವುದಿಲ್ಲ, ಕೂತವರ ಸಮೇತ ಒಮ್ಮೆಲೇ ಕುಸಿಯುತ್ತದೆ. ಬಸವೇಶ್ವರನಗರದ ಒಂದು ಗೃಹಪ್ರವೇಶದಲ್ಲಿ, ಮೂರು ಬೇಸಿಗೆ ತಾರಸಿಯ ಮೇಲೆ ಬಿದ್ದಿದ್ದ ಕುರ್ಚಿಯ ಮೇಲೆ ಕೂತ ನಮ್ಮ ಹಿರಿಯ ಬಂಧುವೊಬ್ಬರು ಕೆಳಗೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಎಪ್ಪತ್ತು ದಾಟಿದವರಿಗೆ ಇಂಥ ಪೆಟ್ಟು ಸಣ್ಣದಲ್ಲ.

ಶತ್ರು ಮಳೆಯಲ್ಲ, ಬಿಸಿಲು

ಮಲೆನಾಡಿನವರಾದ ನಮಗೆ ಹೊರಗಿಟ್ಟ ವಸ್ತು ಹಾಳಾಗುವುದು ಮಳೆಯಿಂದ ಎಂಬ ಭಾವನೆ ಸಹಜ. ಮರ ಕೊಳೆಯುತ್ತದೆ, ಬೆತ್ತಕ್ಕೆ ಬೂಷ್ಟು ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಬರುತ್ತದೆ. ಪ್ಲಾಸ್ಟಿಕ್ಕಿಗೆ ಈ ಮೂರೂ ಇಲ್ಲ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟಬಹುದು, ಉಜ್ಜಿ ತೊಳೆದರೆ ಹೋಗುತ್ತದೆ. ಪ್ಲಾಸ್ಟಿಕ್ಕನ್ನು ನಿಜವಾಗಿ ಕೊಲ್ಲುವುದು ಬಿಸಿಲು.

ಇದಕ್ಕೆ ಸಾಕ್ಷಿ ನಮ್ಮ ತೋಟದಲ್ಲೇ ಇದೆ. ಕೊಳೆರೋಗ ಬಾರದಂತೆ ಅಡಿಕೆ ಕೊನೆಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆ ಮಳೆಗಾಲವಿಡೀ ನೆನೆದರೂ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಬಿಚ್ಚದೆ ಬೇಸಿಗೆಗೆ ಬಿಟ್ಟರೆ ಮುಟ್ಟಿದಲ್ಲಿ ಪುಡಿಯಾಗುತ್ತದೆ. ಮೋಟಾರಿನಿಂದ ಟ್ಯಾಂಕಿಗೆ ಹಾಕಿದ ಪಿ.ವಿ.ಸಿ. ಪೈಪು ನೆಲದೊಳಗೆ ದಶಕಗಟ್ಟಲೆ ಇರುತ್ತದೆ, ನೆಲದ ಮೇಲೆ ಬಿಸಿಲಿಗೆ ಬಿದ್ದ ತುಂಡು ಕೆಲವೇ ವರ್ಷಗಳಲ್ಲಿ ಬಣ್ಣಗೆಟ್ಟು, ಒಂದು ಪೆಟ್ಟಿಗೆ ಸಿಡಿಯುತ್ತದೆ. ಆದರೆ ಹನಿ ನೀರಾವರಿಯ ಕರಿ ಪೈಪು ಮಾತ್ರ ಅದೇ ಬಿಸಿಲಿನಲ್ಲಿ ವರ್ಷಗಟ್ಟಲೆ ಮಲಗಿದ್ದರೂ ಮೆತುವನ್ನು ಬಿಡುವುದಿಲ್ಲ.

ಕಾರಣ ಹೀಗಿದೆ. ಪ್ಲಾಸ್ಟಿಕ್ ಎಂದರೆ ಅತಿ ಉದ್ದವಾದ ಅಣುಸರಪಳಿಗಳ ಕಂತೆ. ತೆಂಗಿನ ನಾರಿನ ಹಗ್ಗಕ್ಕೆ ಬಲ ಬರುವುದು ನಾರಿನ ಉದ್ದದಿಂದ ತಾನೆ? ನಾರನ್ನು ಅಲ್ಲಲ್ಲಿ ಕತ್ತರಿಸಿದರೆ ಹಗ್ಗ ನೋಡಲು ಹಾಗೇ ಇದ್ದರೂ ಎಳೆದಾಗ ಕಳಚುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಮಾಡುವುದು ಇದನ್ನೇ. ಅವು ಸರಪಳಿಯ ಕೊಂಡಿಯನ್ನು ಕಡಿಯುತ್ತವೆ, ಕಡಿದ ತುದಿಗೆ ಗಾಳಿಯ ಆಮ್ಲಜನಕ ಸೇರುತ್ತದೆ, ಅದರಿಂದ ಪಕ್ಕದ ಕೊಂಡಿಯೂ ಕಡಿಯುತ್ತದೆ. ಮೇಲ್ಮೈ ಮೊದಲು ಹೊಳಪು ಕಳೆದುಕೊಂಡು, ಆಮೇಲೆ ಬಿಳಿಯ ಪುಡಿ ಬಿಟ್ಟು, ಕೊನೆಗೆ ಕೂದಲೆಳೆಯಂಥ ಬಿರುಕು ತೋರುತ್ತದೆ. ಬಿರುಕು ಕಾಣಿಸಿದ ಮೇಲೆ ಕುರ್ಚಿಯ ಆಯುಸ್ಸು ಮುಗಿದಂತೆಯೇ.

ಕರಿ ಪೈಪು ಬಾಳಲು ಕಾರಣ ಅದರೊಳಗಿನ ಮಸಿ. ನೀರು ಸರಬರಾಜಿನ ಎಚ್.ಡಿ.ಪಿ.ಇ. ಪೈಪುಗಳಿಗೆ ಶೇಕಡಾ 2ರಿಂದ 3ರಷ್ಟು ನುಣುಪಾದ ಇಂಗಾಲದ ಮಸಿ ಸೇರಿರಬೇಕೆಂದು ಭಾರತೀಯ ಮಾನಕವೇ ವಿಧಿಸುತ್ತದೆ. ಬಿಸಿಲಿನ ಕಿರಣವನ್ನು ಮಸಿ ಮೇಲ್ಮೈಯಲ್ಲೇ ಹೀರಿಕೊಳ್ಳುವುದರಿಂದ ಒಳಗಿನ ಪ್ಲಾಸ್ಟಿಕ್ ಉಳಿಯುತ್ತದೆ. ಬಣ್ಣದ ಕುರ್ಚಿಗಳಿಗೆ ಮಸಿಯ ಬದಲು ಬೇರೆ ರಾಸಾಯನಿಕಗಳನ್ನು ಅತಿ ಸಣ್ಣ ಪ್ರಮಾಣದಲ್ಲಿ ಬೆರೆಸುತ್ತಾರೆ. ಕಾರ್ಖಾನೆಯವರ ಮಾತಿನಲ್ಲಿ ಇದು ಯು.ವಿ. ಸ್ಟೆಬಿಲೈಸರ್. ಇದು ದುಬಾರಿ, ಕಣ್ಣಿಗೆ ಕಾಣುವುದೂ ಇಲ್ಲ. ಆದ್ದರಿಂದಲೇ ಅಗ್ಗದ ಮಾಲಿನಲ್ಲಿ ಮೊದಲು ಕೈಬಿಡುವ ಪದಾರ್ಥವೂ ಇದೇ.

ಇಲ್ಲಿ ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎತ್ತರ 1000 ಮೀಟರ್ ಏರಿದಂತೆ ಅತಿನೇರಳೆ ಕಿರಣಗಳ ತೀವ್ರತೆ ಶೇಕಡಾ 10ರಿಂದ 12ರಷ್ಟು ಹೆಚ್ಚುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ನಮ್ಮ ಕಾಫಿ ಸೀಮೆಯೂ ಬಹುಮಟ್ಟಿಗೆ ಅದೇ ಎತ್ತರದ್ದು. ಹವೆ ತಂಪಾಗಿದೆಯೆಂದು ಬಿಸಿಲು ಮೃದುವೆಂದು ತಿಳಿಯಬಾರದು.

ಕುರ್ಚಿ ಆಗುವ ಬಗೆ

ನಾವು ಸಾಮಾನ್ಯವಾಗಿ ಕೊಳ್ಳುವ, ಒಂದರ ಮೇಲೊಂದು ಪೇರಿಸಬಹುದಾದ ಕುರ್ಚಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಇದರ ಗಟ್ಟಿಯಾದ ರೂಪವನ್ನು ತಯಾರಿಸಿದರು. ಈ ಬಗೆಯ ಪ್ಲಾಸ್ಟಿಕ್‌ಗಳ ಮೇಲಿನ ಕೆಲಸಕ್ಕಾಗಿ ಅವರಿಗೂ ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಗೂ 1963ರಲ್ಲಿ ನೊಬೆಲ್ ಬಹುಮಾನ ಬಂದಿತು. 1972ರಲ್ಲಿ ಫ್ರಾನ್ಸಿನ ಆನ್ರಿ ಮಾಸೊನೆ ಎಂಬವರು ಇಡೀ ಕುರ್ಚಿಯನ್ನು ಒಂದೇ ಅಚ್ಚಿನಲ್ಲಿ, ಎರಡು ನಿಮಿಷದೊಳಗೆ ತಯಾರಿಸುವ ಬಗೆಯನ್ನು ರೂಢಿಗೆ ತಂದರು. ಇಂದು ಲೋಕದ ಮೂಲೆಮೂಲೆಯಲ್ಲಿ ಕಾಣುವ ಕುರ್ಚಿ ಅದೇ ವಂಶದ್ದು.

ಕಚ್ಚಾ ಮಾಲು ನಮ್ಮ ಕರಾವಳಿಯಲ್ಲೂ ತಯಾರಾಗುತ್ತಿದೆ. ಮಂಗಳೂರಿನ ಎಂ.ಆರ್.ಪಿ.ಎಲ್. ಸಂಸ್ಥೆ 2015ರಲ್ಲಿ ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಪಾಲಿಪ್ರೊಪಿಲೀನ್ ಘಟಕವನ್ನು ಆರಂಭಿಸಿತು. ಈ ಕಾಳುಗಳನ್ನು, ವ್ಯಾಪಾರಿಗಳ ಮಾತಿನಲ್ಲಿ ದಾನಾ, ಯಂತ್ರದಲ್ಲಿ ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬುತ್ತಾರೆ. ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯಗಳ ಸಣ್ಣ ಕೈಗಾರಿಕೆಗಳ ನಡುವೆ ಇಂಥ ಅಚ್ಚಿನ ಕೆಲಸದ ಘಟಕಗಳೂ ಇವೆ.

ಇನ್ನೊಂದು ಬಗೆಯ ದಾನಾ ಹಳೆಯ ಪ್ಲಾಸ್ಟಿಕ್ಕಿನಿಂದ ಬರುವುದು. ವಿಜಯನಗರದಿಂದ ಕೆಂಗೇರಿಯ ಕಡೆಗೆ ಮೈಸೂರು ರಸ್ತೆಯಲ್ಲಿ ಹೋಗುವಾಗ ಸಿಗುವ ನಾಯಂಡಹಳ್ಳಿ ಬೆಂಗಳೂರಿನ ಪ್ಲಾಸ್ಟಿಕ್ ಗುಜರಿಗೆ ಹೆಸರಾದ ಸ್ಥಳ. ನಗರದ ಒಡೆದ ಬಕೆಟ್, ಕೊಡ, ಕ್ರೇಟು, ಕುರ್ಚಿಗಳು ಬಗೆಬಗೆಯಾಗಿ ವಿಂಗಡಗೊಂಡು, ತೊಳೆದು, ಪುಡಿಯಾಗಿ ಮತ್ತೆ ಕಾಳಾಗುತ್ತವೆ. ಈ ಕೆಲಸ ಮಾಡುವವರು ಊರಿಗೆ ದೊಡ್ಡ ಉಪಕಾರವನ್ನೇ ಮಾಡುತ್ತಿದ್ದಾರೆ, ಮರುಬಳಕೆಯ ಮಾಲನ್ನು ಕೀಳಾಗಿ ಕಾಣಬೇಕಿಲ್ಲ. ಆದರೆ ಒಮ್ಮೆ ಬಿಸಿಲು ತಿಂದು, ಮತ್ತೊಮ್ಮೆ ಕರಗಿದ ಪ್ಲಾಸ್ಟಿಕ್ಕಿನಲ್ಲಿ ಸರಪಳಿ ಆಗಲೇ ಮೊಟಕಾಗಿರುತ್ತದೆ, ಬಿಸಿಲು ತಡೆಯುವ ಬೆರಕೆಯೂ ಖರ್ಚಾಗಿರುತ್ತದೆ. ಹೊಸದಾಗಿ ಬೆರಕೆ ಸೇರಿಸದೆ ಅದರಿಂದಲೇ ಕುರ್ಚಿ ಮಾಡಿದರೆ ಅದು ಮನೆಯೊಳಗೆ ನಡೆದೀತು, ಅಂಗಳಕ್ಕೆ ಆಗದು.

ಮೂರನೆಯ ಸಂಗತಿ ಸುಣ್ಣಕಲ್ಲಿನ ಪುಡಿ. ಇದು ಕಾಫಿಪುಡಿಗೆ ಚಿಕೋರಿ ಬೆರೆಸಿದಂತೆ. ಸ್ವಲ್ಪ ಬೆರೆಸಿದರೆ ಕುರ್ಚಿಗೆ ಬಿಗಿ ಬರುತ್ತದೆ, ತಪ್ಪಲ್ಲ. ಅತಿಯಾದರೆ ಕುರ್ಚಿ ಬಗ್ಗುವ ಬದಲು ಮುರಿಯುತ್ತದೆ. ಕಾಫಿ ಪೊಟ್ಟಣದ ಮೇಲೆ ಚಿಕೋರಿ ಶೇಕಡಾ ಎಷ್ಟೆಂದು ಬರೆಯಲೇಬೇಕು. ಕುರ್ಚಿಯ ಬೆನ್ನ ಮೇಲೆ ಸುಣ್ಣಕಲ್ಲಿನ ಲೆಕ್ಕವನ್ನು ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

ಯಾವುದು ಎಲ್ಲಿಗೆ?

ಪಾಲಿಪ್ರೊಪಿಲೀನ್: ಹಗುರ, ಅಗ್ಗ, ಗಟ್ಟಿ. ಆದರೆ ಬಿಸಿಲು ತಡೆಯುವ ಬೆರಕೆ ಇಲ್ಲದಿದ್ದರೆ ಬಿಸಿಲಿಗೆ ಬೇಗ ಸೋಲುವ ಪ್ಲಾಸ್ಟಿಕ್ಕುಗಳಲ್ಲಿ ಇದೂ ಒಂದು. ಜಗಲಿ, ಪಡಸಾಲೆ, ಚಪ್ಪರದಡಿಗೆ ಯಾವುದಾದರೂ ಆದೀತು. ಅಂಗಳಕ್ಕೆ, ತಾರಸಿಗೆ ಬೆರಕೆ ಇರುವುದೇ ಆಗಬೇಕು.

ಎಚ್.ಡಿ.ಪಿ.ಇ.: ನಮ್ಮ ನೀರಿನ ಪೈಪು, ಹಣ್ಣಿನ ಕ್ರೇಟುಗಳ ಪ್ಲಾಸ್ಟಿಕ್. ಪಾಲಿಪ್ರೊಪಿಲೀನಿಗಿಂತ ಮೆತು, ಹೊಡೆತ ತಾಳುತ್ತದೆ. ಇದರ ದಪ್ಪ ಹಲಗೆಗಳನ್ನು ಜೋಡಿಸಿದ ಬೆಂಚುಗಳು ಹೊರಗೆ ಖಾಯಂ ಆಗಿ ಬಿಟ್ಟಿರಲು ಉತ್ತಮ. ಎರಡು ಎಚ್ಚರಿಕೆ ಬೇಕು. ಒಂದು, ಬಿಸಿಗೆ ಇದು ಬಹಳ ಹಿಗ್ಗುತ್ತದೆ. 2 ಮೀಟರ್ ಉದ್ದದ ಹಲಗೆ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 7ರಿಂದ 12 ಮಿಲಿಮೀಟರ್ ಉದ್ದವಾಗುತ್ತದೆ. ಸ್ಕ್ರೂ ತೂತು ಸಡಿಲವಾಗಿರದಿದ್ದರೆ ಹಲಗೆ ಡೊಂಕಾಗುತ್ತದೆ. ಎರಡು, ಸದಾ ಭಾರವಿದ್ದರೆ ಮೆಲ್ಲನೆ ಜಗ್ಗುತ್ತದೆ, ಆದ್ದರಿಂದ ಅಡಿಯಲ್ಲಿ ಹತ್ತಿರ ಹತ್ತಿರ ಆಧಾರವಿರಬೇಕು.

ಪಿ.ವಿ.ಸಿ.: ಹಿಂದೆ ಮನೆಮನೆಯಲ್ಲೂ ಇದ್ದ, ಕಬ್ಬಿಣದ ಚೌಕಟ್ಟಿಗೆ ಪ್ಲಾಸ್ಟಿಕ್ ವೈರು ಹೆಣೆದ ಕುರ್ಚಿಗಳ ವೈರು ಸಾಮಾನ್ಯವಾಗಿ ಇದರದೇ. ಮೆದುವಾಗಲೆಂದು ಸೇರಿಸಿದ ಎಣ್ಣೆಯಂಥ ಪದಾರ್ಥ ಬಿಸಿಲಿಗೆ ಹೊರಟುಹೋದಂತೆ ವೈರು ಬಿರುಸಾಗಿ ತುಂಡಾಗುತ್ತದೆ. ನೆರಳಿಗೆ ಮಾತ್ರ ಯೋಗ್ಯ.

ಕೃತಕ ಬೆತ್ತ: ಬೆಂಗಳೂರಿನ ತಾರಸಿ ತೋಟಗಳಲ್ಲಿ ಈಗ ಇದರ ಸೋಫಾ, ಉಯ್ಯಾಲೆಗಳದೇ ಭರಾಟೆ. ಎಳೆ ಎಚ್.ಡಿ.ಪಿ.ಇ.ಯದಾದರೆ ಬಾಳುತ್ತದೆ, ಪಿ.ವಿ.ಸಿ.ಯದಾದರೆ ಮೇಲೆ ಹೇಳಿದ ಗತಿಯೇ. ಒಳಗಿನ ಚೌಕಟ್ಟನ್ನೂ ಕೇಳಿ ನೋಡಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1000 ಮಿಲಿಮೀಟರ್. ಆಗುಂಬೆಯ ಸೀಮೆಯಲ್ಲಿ ಅದು 7000 ದಾಟುತ್ತದೆ. ವಿಜಯನಗರದ ತಾರಸಿಯಲ್ಲಿ ಹತ್ತು ವರ್ಷ ನಿಲ್ಲುವ ಬಣ್ಣ ಬಳಿದ ಕಬ್ಬಿಣ ನಮ್ಮಲ್ಲಿ ಅಷ್ಟು ಕಾಲ ನಿಲ್ಲದು. ಅಲ್ಯೂಮಿನಿಯಂ ಚೌಕಟ್ಟಾದರೆ ಚಿಂತೆಯಿಲ್ಲ.

ಫೈಬರ್ ಗ್ಲಾಸ್: ರಾಳದಲ್ಲಿ ಗಾಜಿನ ನಾರು ಕೂಡಿಸಿದ್ದು. ಬಹಳ ಗಟ್ಟಿ. ಆದರೆ ಮೇಲಿನ ಲೇಪ ಸವೆದರೆ ಗಾಜಿನ ನಾರು ಹೊರಬಂದು ಮೈಗೆ ಚುಚ್ಚಿ ತುರಿಸುತ್ತದೆ. ಕೆಲವು ವರ್ಷಕ್ಕೊಮ್ಮೆ ಲೇಪ ಹಚ್ಚುವ ತಾಳ್ಮೆಯಿದ್ದವರು ಮಾತ್ರ ಕೊಳ್ಳುವುದು ಮೇಲು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಅಡಿಕೆಯ ರಾಶಿಗೆ ಕೈ ಹಾಕಿ ಗೊರಬಲು ಬೆರೆತಿದೆಯೇ ಎಂದು ಕ್ಷಣದಲ್ಲಿ ಹೇಳಬಲ್ಲ ನಮಗೆ ಈ ಪರೀಕ್ಷೆಗಳು ಕಷ್ಟವಲ್ಲ.

1. ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ. ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಆರಂಭಿಸಿದ ಈ ಗುರುತು ಈಗ ಎಲ್ಲೆಡೆ ಬಳಕೆಯಲ್ಲಿದೆ. 5 ಎಂದರೆ ಪಾಲಿಪ್ರೊಪಿಲೀನ್, 2 ಎಂದರೆ ಎಚ್.ಡಿ.ಪಿ.ಇ., 3 ಎಂದರೆ ಪಿ.ವಿ.ಸಿ., 7 ಎಂದರೆ ಇತರೆ ಅಥವಾ ಬೆರಕೆ. ಈ ಅಂಕಿ ಪ್ಲಾಸ್ಟಿಕ್ಕಿನ ಜಾತಿಯನ್ನು ಹೇಳುತ್ತದೆಯೇ ಹೊರತು ಗುಣಮಟ್ಟವನ್ನಲ್ಲ.

2. ಒಂದೇ ಅಳತೆಯ ಎರಡು ಕುರ್ಚಿಗಳನ್ನು ತೂಗಿ ನೋಡಿ. ಕೈತಕ್ಕಡಿ ಜೊತೆಗಿದ್ದರೆ ನಾಚಿಕೆಪಡಬೇಕಿಲ್ಲ. ಹೆಚ್ಚು ತೂಗುವುದು ಸಾಮಾನ್ಯವಾಗಿ ಹೆಚ್ಚು ದಪ್ಪ. ಆದರೆ ಸುಣ್ಣಕಲ್ಲಿನ ಪುಡಿಯೂ ತೂಗುತ್ತದೆ ಎಂಬುದನ್ನು ಮರೆಯಬಾರದು. ಅದಕ್ಕಾಗಿಯೇ ಮುಂದಿನ ಪರೀಕ್ಷೆ.

3. ಅದೇ ಮಾದರಿಯ ಮುರಿದ ಕುರ್ಚಿಯ ಉಗುರಿನಷ್ಟು ಚೂರನ್ನು ಕೇಳಿ ಪಡೆಯಿರಿ. ಒಂದು ಲೋಟ ನೀರಿಗೆ ಒಂದು ಹನಿ ಸಾಬೂನು ನೀರು ಬಿಟ್ಟು, ಚೂರಿಗೆ ಗಾಳಿಗುಳ್ಳೆ ಅಂಟದಂತೆ ಮುಳುಗಿಸಿ ಬಿಡಿ. ಪಾಲಿಪ್ರೊಪಿಲೀನ್, ಎಚ್.ಡಿ.ಪಿ.ಇ. ಎರಡೂ ನೀರಿಗಿಂತ ಹಗುರ, ತೇಲಬೇಕು. 5 ಎಂದು ಬರೆದ ಕುರ್ಚಿಯ ಚೂರು ಮುಳುಗಿದರೆ ಅದರಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇಕಡಾ 15ಕ್ಕೂ ಹೆಚ್ಚು ಸುಣ್ಣಕಲ್ಲಿದೆ, ಇಲ್ಲವೇ ಬೇರೆ ಭಾರದ ಪ್ಲಾಸ್ಟಿಕ್ ಸೇರಿದೆ ಎಂದು ತಿಳಿಯಬಹುದು. ತೇಲಿದ ಮಾತ್ರಕ್ಕೆ ಬಿಸಿಲು ತಡೆಯುವ ಬೆರಕೆ ಇದೆಯೆಂದು ಅರ್ಥವಲ್ಲ.

4. ಕಾಲು ಆಸನಕ್ಕೆ ಕೂಡುವ ಜಾಗವನ್ನು ಬೆರಳಾಡಿಸಿ ನೋಡಿ. ಅಲ್ಲಿ ದಪ್ಪ ಕಡಿಮೆಯಾಗಿರಬಾರದು, ಆಸನದ ಅಡಿಯಲ್ಲಿ ಏಣುಗಳಿರಬೇಕು. ನಯವಾದ ನೆಲದ ಮೇಲೆ ಕೂತು ಹಿಂದಕ್ಕೆ ಒರಗಿದಾಗ ಕಾಲುಗಳು ಅಗಲಕ್ಕೆ ಜಾರಿದರೆ ಅದು ಬೇಡ.

5. ಬಣ್ಣಕ್ಕೆ ಮರುಳಾಗಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಕಪ್ಪು ಕುರ್ಚಿಯಲ್ಲಿ ಮಸಿಯ ರಕ್ಷಣೆಯೂ ಇರಬಹುದು, ಹತ್ತು ಬಗೆಯ ಗುಜರಿ ಮಾಲನ್ನು ಮುಚ್ಚಲು ಬಳಿದ ಕಪ್ಪೂ ಇರಬಹುದು. ಪಾರದರ್ಶಕ ಅಥವಾ ತೆಳು ಬಣ್ಣದ, ಬೆರಕೆ ಇಲ್ಲದ ಮಾಲು ಬಿಸಿಲಿಗೆ ಎಲ್ಲಕ್ಕಿಂತ ಅಪಾಯ.

6. ಕೊನೆಯದು ಹಾಗೂ ಮುಖ್ಯವಾದುದು. ಯು.ವಿ. ಸ್ಟೆಬಿಲೈಸರ್ ಬೆರೆಸಿದೆ, ಹೊರಾಂಗಣ ಬಳಕೆಗೆ ಯೋಗ್ಯ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಲ್ಲಿ ಹೇಳುವವರು ಬಹಳ, ಬರೆದುಕೊಡುವವರು ಕೆಲವರು. ಆ ಕೆಲವರ ಬಳಿ ಕೊಳ್ಳಿ.

ಬೆಲೆಯನ್ನು ವರ್ಷದಿಂದ ಭಾಗಿಸಿ

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಹೇಳುತ್ತೇನೆ, ಇದು ಯಾವ ಅಂಗಡಿಯ ದರವೂ ಅಲ್ಲ. 500 ರೂಪಾಯಿಯ ಕುರ್ಚಿ ಎರಡು ವರ್ಷ ಬಾಳಿದರೆ ವರ್ಷಕ್ಕೆ 250 ರೂಪಾಯಿ ಬಿತ್ತು. 900 ರೂಪಾಯಿಯದು ಆರು ವರ್ಷ ಬಾಳಿದರೆ ವರ್ಷಕ್ಕೆ 150 ಮಾತ್ರ. ಸಸಿ ಕೊಳ್ಳುವಾಗ ಅಗ್ಗದ ಸಸಿಗೆ ನಾವು ಕೈಹಾಕುವುದಿಲ್ಲ, ಏಕೆಂದರೆ ಫಸಲಿನ ಲೆಕ್ಕ ನಮಗೆ ಗೊತ್ತು. ಅದೇ ಲೆಕ್ಕ ಇಲ್ಲಿಗೂ ಸಲ್ಲುತ್ತದೆ.

ಇಟ್ಟುಕೊಳ್ಳುವ ಬಗೆ

ಒಳ್ಳೆಯ ಕುರ್ಚಿಯಾದರೂ ಬಿಸಿಲಿನಲ್ಲಿ ಬಿಟ್ಟಷ್ಟೂ ಆಯುಸ್ಸು ಕಡಿಮೆ. ಕೆಲಸ ಮುಗಿದ ಮೇಲೆ ಜಗಲಿಗೆ ಎತ್ತಿಡುವುದು ಕಾಸಿಲ್ಲದ ಉಪಾಯ. ಜಾಗವಿಲ್ಲದಿದ್ದರೆ ಪೇರಿಸಿ, ಮೇಲೊಂದು ಹಳೆಯ ಗೋಣಿ ಹೊದಿಸಿದರೂ ಸಾಕು.

ಬೋರ್ಡೋ ದ್ರಾವಣ ತಯಾರಿಸುವಲ್ಲಿ ಡ್ರಮ್ಮಿನ ಪಕ್ಕ ಕುರ್ಚಿಯನ್ನು ಮೆಟ್ಟಿಲಾಗಿ ಬಳಸುವುದನ್ನು ಅನೇಕ ತೋಟಗಳಲ್ಲಿ ಕಂಡಿದ್ದೇನೆ. ಬಿದ್ದರೆ ಅಪಾಯ ಎಂಬುದು ಒಂದು. ತಾಮ್ರದ ಅಂಶ ತಗುಲಿದ ಪಾಲಿಪ್ರೊಪಿಲೀನ್ ಬೇಗ ಸವೆಯುತ್ತದೆ ಎಂಬುದು ಇನ್ನೊಂದು. ಕಲೆ ಬಿದ್ದರೆ ಅಂದೇ ತೊಳೆಯಬೇಕು.

ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಮನೆಯ ಎಲ್ಲ ಪ್ಲಾಸ್ಟಿಕ್ ಕುರ್ಚಿಗಳನ್ನೂ ಒಮ್ಮೆ ಪರೀಕ್ಷಿಸಿ. ಅಂಗೈಯಿಂದ ಉಜ್ಜಿದಾಗ ಬಿಳಿಯ ಪುಡಿ ಹತ್ತಿದರೆ, ಕೈಯಾನುವ ಜಾಗವನ್ನು ಒತ್ತಿದಾಗ ಚಟಕ್ಕೆಂದರೆ, ಕಾಲಿನ ಬುಡದಲ್ಲಿ ಗೆರೆ ಕಂಡರೆ ಅದು ಕೂರಲು ಯೋಗ್ಯವಲ್ಲ. ಹಿರಿಯರಿಗೆ, ಬಸುರಿಯರಿಗೆ ಅದನ್ನು ಹಾಕಲೇಬಾರದು. ನಂಟರು ಬಂದಾಗ ಅಟ್ಟದಿಂದಿಳಿಸಿ ಹಾಕುವ ಹಳೆಯ ಕುರ್ಚಿಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಮುರಿದುದನ್ನು ಬಚ್ಚಲ ಒಲೆಗೆ ಹಾಕುವ ಅಭ್ಯಾಸ ಕೆಲವರಲ್ಲಿದೆ. ದಯವಿಟ್ಟು ಬೇಡ. ಪಿ.ವಿ.ಸಿ. ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಬೇರೆ ಪ್ಲಾಸ್ಟಿಕ್ಕುಗಳ ಹೊಗೆಯೂ ಉಸಿರಿಗೆ ಒಳ್ಳೆಯದಲ್ಲ, ಸ್ನಾನದ ನೀರು ಕಾಯಿಸುವ ಹೆಂಗಸರೇ ಅದನ್ನು ಮೊದಲು ಕುಡಿಯುವವರು. 5 ಅಥವಾ 2 ಎಂಬ ಅಂಕಿಯುಳ್ಳ ಮುರಿದ ಮಾಲಿಗೆ ಗುಜರಿಯಲ್ಲಿ ಬೆಲೆಯಿದೆ. ತೊಳೆದು, ಕಬ್ಬಿಣದ ಮೊಳೆ ತೆಗೆದು ಕೂಡಿಟ್ಟರೆ ಅದು ನಾಯಂಡಹಳ್ಳಿಯಂಥ ಕಡೆ ಸೇರಿ ಬಕೆಟ್ಟೋ ಕುಂಡವೋ ಆಗಿ ಮತ್ತೆ ಬಳಕೆಗೆ ಬರುತ್ತದೆ.

ಸದಸ್ಯರಲ್ಲಿ ವಿನಂತಿ

ಸಂಘ ಖರೀದಿಸುವುದಾದರೆ ಮೂರು ಷರತ್ತು ಹಾಕಬೇಕೆಂದು ಆಡಳಿತ ಮಂಡಳಿಯ ಮುಂದೆ ಸೂಚಿಸುತ್ತಿದ್ದೇನೆ. ಬಿಸಿಲು ತಡೆಯುವ ಬೆರಕೆಯ ಬಗ್ಗೆ ಬರವಣಿಗೆಯಲ್ಲಿ ಭರವಸೆ, ಪ್ರತಿ ಕುರ್ಚಿಯ ಕನಿಷ್ಠ ತೂಕದ ನಮೂದು, ತೇಲುವ ಪರೀಕ್ಷೆಗೆ ಮಾದರಿಯ ಒಂದು ಕುರ್ಚಿಯನ್ನು ಮುರಿದು ನೋಡುವ ಹಕ್ಕು. ಮೂರನೆಯದಕ್ಕೆ ಒಪ್ಪದ ಮಾರಾಟಗಾರರು ದರ ಎಷ್ಟೇ ಇಳಿಸಿದರೂ ನಾವು ಅವರಿಂದ ಕೊಳ್ಳಬೇಕಿಲ್ಲ.

ತಮಗೆ ಬೇಕಾದ ಸಂಖ್ಯೆಯನ್ನು ತಿಳಿಸುವಾಗ ಅಂಗಳಕ್ಕೆ ಎಷ್ಟು, ಜಗಲಿಗೆ ಎಷ್ಟು ಎಂದು ಬೇರೆಬೇರೆಯಾಗಿ ಬರೆದುಕೊಡಬೇಕಾಗಿ ಕೋರುತ್ತೇನೆ. ನೆರಳಿನಲ್ಲಿಡುವ ಕುರ್ಚಿಗೆ ಬಿಸಿಲಿನ ಕುರ್ಚಿಯ ಬೆಲೆ ತೆರುವ ಅಗತ್ಯವಿಲ್ಲ, ನೆರಳಿನ ಕುರ್ಚಿಯನ್ನು ಬಿಸಿಲಿಗೆ ಹಾಕುವುದೂ ಸಲ್ಲದು. ಬೆಂಗಳೂರಿನಲ್ಲಿರುವ ಮಕ್ಕಳಿಗೂ ಈ ಮಾತನ್ನು ತಿಳಿಸಿ, ತಾರಸಿಯ ಮೇಲಿರುವ ಕುರ್ಚಿಗಳನ್ನು ಒಮ್ಮೆ ಒತ್ತಿ ನೋಡಲು ಹೇಳಿ.

— ಕಾರ್ಯದರ್ಶಿ